ಹಿತ್ತಲಲ್ಲಿ ಆರ್‌ವಿ ನಿಲ್ಸಿ ಬಾಡಿಗೆಗೆ ಕೊಡ್ಬೋದಾ?

ಈ ಪ್ರಶ್ನೆ ಅಮೆರಿಕದ ಒರೆಗಾನ್ ರಾಜ್ಯದಲ್ಲಿರೋ ನಮ್ಮ ಪೋರ್ಟ್‌ಲ್ಯಾಂಡ್ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಆಗಾಗ ಬರ್ತಾನೇ ಇರುತ್ತೆ. "ಇಲ್ಲಿ ಅಲೋ ಮಾಡಿದ್ದಾರಂತೆ, ಒಂದು ಹಳೇ ಆರ್‌ವಿ ತಗೊಂಡು ಹಿತ್ತಲಲ್ಲಿ ನಿಲ್ಸಿ ಬಾಡಿಗೆಗೆ ಬಿಟ್ರೆ ಮಾರ್ಟ್‌ಗೇಜಿಗೆ ಸ್ವಲ್ಪ ಆಗುತ್ತಲ್ವಾ" ಅಂತ ಒಬ್ರು ಹಾಕ್ತಾರೆ, ತಕ್ಷಣ ಹತ್ತು ಜನ ಥಂಬ್ಸ್ ಅಪ್ಪು. ನಮ್ಮನೆ ಹಿತ್ತಲಲ್ಲಿ ಒಂದು ನಿಂತಿರೋದು ಗೊತ್ತಿರೋರು ನನ್ನನ್ನ ಟ್ಯಾಗ್ ಮಾಡ್ತಾರೆ, ನಾನು ವಾಯ್ಸ್ ಮೆಸೇಜ್ ಮೇಲೆ ವಾಯ್ಸ್ ಮೆಸೇಜ್ ಕಳಿಸಿ ಗಂಟಲು ಕಟ್ಟಿಸ್ಕೊಂಡು ಈಗ ಸಾಕಾಗಿ ಇಲ್ಲೇ ಬರೆದು ಹಾಕ್ತಿದೀನಿ, ಮುಂದಿನ ಸಲ ಲಿಂಕ್ ಕಳಿಸಿದ್ರೆ ಕೆಲಸ ಮುಗೀತು.

ಊರಲ್ಲಿ ಕೂತು ಓದೋರಿಗೆ ಒಂದ್ ಮಾತು. ಆರ್‌ವಿ ಅಂದ್ರೆ ಒಳಗೇ ಹಾಸಿಗೆ, ಒಲೆ, ಸಿಂಕು, ಬಚ್ಚಲು, ಟಾಯ್ಲೆಟ್ ಎಲ್ಲಾ ಇರೋ ಗಾಡಿ. ಕೆಲವಕ್ಕೆ ಅದರದ್ದೇ ಇಂಜಿನ್ ಇರುತ್ತೆ, ಕೆಲವನ್ನ ಪಿಕಪ್ ಟ್ರಕ್ಕಿಗೆ ಕಟ್ಕೊಂಡು ಎಳೀಬೇಕು. ನಮ್ಮ ಕಡೆ ಟೂರಿಸಂನೋರು ಕ್ಯಾರವಾನ್ ಅಂತಾರಲ್ಲ, ಅದೇ. ರಜಕ್ಕೆ ಸುತ್ತಾಡಕ್ಕೆ ಅಂತ ಮಾಡಿದ್ದು, ಆದ್ರೆ ಅಮೆರಿಕದಲ್ಲಿ ಬಾಡಿಗೆ ಈ ಪಾಟಿ ಏರಿದ ಮೇಲೆ ಅದರಲ್ಲೇ ಸಂಸಾರ ಮಾಡೋರು ತುಂಬಾ ಜನ ಇದಾರೆ.

ಮೊದಲನೇ ವಿಷ್ಯ, ಇದನ್ನ ಸರಿಯಾಗಿ ಓದ್ಕೊಳಿ. ನಿಮ್ಮ ಅಡ್ರೆಸ್ಸಲ್ಲಿ ಪೋರ್ಟ್‌ಲ್ಯಾಂಡ್ ಅಂತ ಇದ್ದ ಮಾತ್ರಕ್ಕೆ ನೀವು ಪೋರ್ಟ್‌ಲ್ಯಾಂಡ್ ಸಿಟಿಲಿ ಇದೀರ ಅಂತಲ್ಲ. ನಮ್ಮ ಜನ ಜಾಸ್ತಿ ಇರೋದು ಇಂಟೆಲ್ ಕಡೆ, ಹಿಲ್ಸ್‌ಬರೋ, ಬೀವರ್ಟನ್, ಬೆಥನಿ. ಬೆಥನಿ ಮನೆಗಳಿಗೆ ಬರೋ ಪೋಸ್ಟ್ ಮೇಲೆ ಪೋರ್ಟ್‌ಲ್ಯಾಂಡ್ 97229 ಅಂತಾನೇ ಇರುತ್ತೆ, ಆದ್ರೆ ಆ ಜಾಗ ಯಾವ ಸಿಟಿಗೂ ಸೇರಿಲ್ಲ, ವಾಷಿಂಗ್ಟನ್ ಕೌಂಟಿ (ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ) ನೇರವಾಗಿ ನೋಡ್ಕೊಳೋದು. ಪೋರ್ಟ್‌ಲ್ಯಾಂಡ್ ಕೌನ್ಸಿಲ್ ಏನೇ ಪಾಸ್ ಮಾಡಿದ್ರೂ ಬೆಥನಿಗೆ ಸಂಬಂಧ ಇಲ್ಲ. ಬೆಂಗಳೂರಲ್ಲಿ ಸೈಟ್ ನೋಡಕ್ಕೆ ಹೋದ್ರೆ ಇದು ಬಿಡಿಎನಾ, ಪಂಚಾಯ್ತಿನಾ, ಯೆಲ್ಲೋ ಝೋನಾ, ಗ್ರೀನ್ ಬೆಲ್ಟಾ ಅಂತ ಬ್ರೋಕರ್ ಬಾಯಿ ತೆಗೆಯೋಕೆ ಮುಂಚೆನೇ ಕೇಳೋ ನಾವು ಇಲ್ಲಿಗೆ ಬಂದ ತಕ್ಷಣ ಯಾಕೆ ಅದನ್ನ ಮರೀತೀವೋ ಗೊತ್ತಿಲ್ಲ. ಪೋರ್ಟ್‌ಲ್ಯಾಂಡ್‌ಮ್ಯಾಪ್ಸ್ ಅಂತ ಸಿಟಿದೇ ವೆಬ್‌ಸೈಟ್ ಇದೆ, ಅಡ್ರೆಸ್ ಹಾಕಿದ್ರೆ ಯಾವ ಜ್ಯೂರಿಸ್ಡಿಕ್ಷನ್, ಆರ್5ಆ ಆರ್7ಆ ಯಾವ ಝೋನ್ ಎಲ್ಲಾ ಬರುತ್ತೆ. ಆಮೇಲೆ ಮುಂದಿನ ಮಾತು.

ಪೋರ್ಟ್‌ಲ್ಯಾಂಡ್ ಸಿಟಿ ಒಳಗಿದೀರ ಅಂದ್ಕೊಳಣ. ಇಲ್ಲೂ ಮುಂಚೆ ಬಿಡ್ತಿರ್ಲಿಲ್ಲ. ಮನೆ ಜಾಗದಲ್ಲಿ ಗಾಡಿ ನಿಲ್ಸಿ ಅದರಲ್ಲಿ ಯಾರಾದ್ರೂ ವಾಸ ಇದ್ರೆ ಅದು ಕೋಡ್ ವಯೊಲೇಷನ್, ಪಕ್ಕದ ಮನೆಯೋರು ಒಂದು ಕಂಪ್ಲೇಂಟ್ ಕೊಟ್ರೆ ನೋಟೀಸು. 2017ರಲ್ಲಿ ಆಗಿನ ಸಿಟಿ ಕಮಿಷನರ್ (ಕೌನ್ಸಿಲ್‌ಗೆ ಗೆದ್ದು ಬಂದವರು) ಕ್ಲೋಯಿ ಯೂಡೆಲಿ, ಮನೆ ಸಿಗದೆ ಜನ ಒದ್ದಾಡ್ತಿರೋವಾಗ ಇಂಥವರನ್ನ ಎಬ್ಬಿಸೋದು ಬೇಡ ಅಂತ ಆ ಎನ್‌ಫೋರ್ಸ್‌ಮೆಂಟನ್ನೇ ನಿಲ್ಲಿಸಿದ್ರು. ನಿಲ್ಲಿಸಿದ್ದು ಅಷ್ಟೇ, ಕಾನೂನು ಹಾಗೇ ಇತ್ತು, ಅಂದ್ರೆ ನಾಳೆ ಕಮಿಷನರ್ ಬದಲಾದ್ರೆ ಕಥೆನೂ ಬದಲಾಗ್ಬೋದಿತ್ತು. 2021ರ ಏಪ್ರಿಲ್‌ನಲ್ಲಿ ಕೌನ್ಸಿಲ್ ಕೋಡನ್ನೇ ತಿದ್ದಿತು, ಆಗಸ್ಟ್ 1ರಿಂದ ಜಾರಿಗೆ ಬಂತು. ಈಗ ಮನೆ ಇರೋ ಸೈಟಲ್ಲಿ ಒಂದು ಆರ್‌ವಿ, ಇಲ್ಲಾಂದ್ರೆ ಚಕ್ರದ ಮೇಲಿರೋ ಒಂದು ಟೈನಿ ಹೌಸ್, ಅಂದ್ರೆ ಪುಟಾಣಿ ಮನೆ ನಿಲ್ಸಿ ಅದರಲ್ಲಿ ಜನ ವರ್ಷಪೂರ್ತಿ ಇರ್ಬೋದು. ಒಂದೇ. ಎರಡಲ್ಲ. ಸೈಟಲ್ಲಿ ಮನೆ ಇರಲೇಬೇಕು, ಖಾಲಿ ಸೈಟ್ ತಗೊಂಡು ಗಾಡಿ ಮಾತ್ರ ನಿಲ್ಸ್ತೀನಿ ಅಂದ್ರೆ ಆಗಲ್ಲ. ಗಾಡಿ ಗಾಡಿಯಾಗೇ ಇರಬೇಕು. ಚಕ್ರ ಬಿಚ್ಚಿ ಫೌಂಡೇಷನ್ ಮೇಲೆ ಕೂರಿಸಿದ್ರೋ, ಅದು ಕಟ್ಟಡ ಆಗೋಗುತ್ತೆ, ಆಮೇಲೆ ಬಿಲ್ಡಿಂಗ್ ಕೋಡು ಪೂರ್ತಿ ತಲೆ ಮೇಲೆ ಬೀಳುತ್ತೆ. ಏರ್‌ಬಿಎನ್‌ಬಿ ಆಸೆ ಇಟ್ಕೊಂಡಿದ್ರೆ ಅದನ್ನೂ ಬಿಡಿ, ಈ ರೂಲ್ ಮಾಡಿದ್ದೇ ವಾಸಕ್ಕೆ ಜಾಗ ಇಲ್ಲದೋರಿಗೆ ಅಂತ.

ಇಲ್ಲಿ ತಮಾಷೆ ಏನಂದ್ರೆ ಸಿಟಿ ಇರ್ಬೋದು ಅನ್ನುತ್ತೆ, ಆದ್ರೆ ಗಾಡಿ ಮಾಡಿದವರು ಇರಬಾರದು ಅಂತಾರೆ. ಫೆಡರಲ್ ಲೆವೆಲ್ಲಲ್ಲಿ ಹಡ್ ಅಂತ ವಸತಿ ಇಲಾಖೆ ಇದೆಯಲ್ಲ, ಅವರ ಮ್ಯಾನುಫ್ಯಾಕ್ಚರ್ಡ್ ಹೋಮ್ ಕೋಡು 1976ರ ಜೂನ್‌ನಿಂದ ಇದೆ, ಫ್ಯಾಕ್ಟರಿಲಿ ಮಾಡಿ ಲಾರಿ ಮೇಲೆ ತಂದು ಇಳಿಸೋ ಮನೆಗಳೆಲ್ಲ ಅದರ ಪ್ರಕಾರ ಇರಬೇಕು. ಆರ್‌ವಿಗಳಿಗೆ ಅದರಿಂದ ವಿನಾಯ್ತಿ. 2018ರ ಕೊನೆಗೆ ಹಡ್‌ನೋರು ಈ ವಿನಾಯ್ತಿನ ಇನ್ನೂ ಸ್ಪಷ್ಟ ಮಾಡಿ, ರಜೆಗೆ ಮೋಜಿಗೆ ಅಂತ ಡಿಸೈನ್ ಮಾಡಿರಬೇಕು, ಖಾಯಂ ವಾಸಕ್ಕಲ್ಲ ಅಂದ್ರು. 400 ಚದರಡಿ ತನಕ ಇರೋ ಪಾರ್ಕ್ ಮಾಡೆಲ್ ಅಂತ ಬರುತ್ತಲ್ಲ, ನೋಡಕ್ಕೆ ಥೇಟ್ ಪುಟ್ಟ ಮನೆ, ವರಾಂಡ ಗಿರಾಂಡ ಎಲ್ಲಾ ಇರುತ್ತೆ, ಅದರಲ್ಲೂ ಮಾರೋವಾಗ ಇದು ಖಾಯಂ ವಾಸಕ್ಕಲ್ಲ ಅಂತ ನೋಟೀಸ್ ಅಂಟಿಸಿರಬೇಕು. ಈ ಒಂದು ಸಾಲು ಆಮೇಲೆ ಎಲ್ಲೆಲ್ಲಿ ಬಂದು ಕಾಲಿಗೆ ಸಿಕ್ಕಾಕೊಳುತ್ತೆ ಅಂದ್ರೆ, ಇನ್ಶೂರೆನ್ಸ್ ಕಂಪ್ನಿಯೋರು ಅದನ್ನೇ ಹಿಡ್ಕೊಂಡು ಮಾಮೂಲಿ ಆರ್‌ವಿ ಪಾಲಿಸಿ ಫುಲ್ ಟೈಮ್ ವಾಸಕ್ಕೆ ಕವರ್ ಆಗಲ್ಲ, ಅದಕ್ಕೆ ಬೇರೆ ಫುಲ್ ಟೈಮರ್ ಪಾಲಿಸಿ ತಗೊಳಿ ಅಂತಾರೆ, ಬಾಡಿಗೆಗೆ ಕೊಟ್ರೆ ಅದೂ ಇಲ್ಲ. ಸಾಲ ಮಾಡಿ ಗಾಡಿ ತಗೊಂಡಿದ್ರೆ ಲೋನ್ ಪೇಪರಲ್ಲೂ ಬಾಡಿಗೆಗೆ ಬಿಡಬಾರದು ಅಂತ ಸಾಮಾನ್ಯವಾಗಿ ಇರುತ್ತೆ.

ನಮ್ಮನೆ ವಿಷ್ಯಕ್ಕೆ ಬರ್ತೀನಿ. ನಾವಿರೋದು ಸೌತ್‌ಈಸ್ಟ್ ಕಡೆ, ಉದ್ದನೇ ಸೈಟು. ಆಸ್ಪತ್ರೇಲಿ ನೈಟ್ ಶಿಫ್ಟ್ ಮಾಡೋ ಒಬ್ಬ ಹುಡುಗಿ, ಅವಳದ್ದೇ ಟ್ರಾವೆಲ್ ಟ್ರೈಲರ್, ನಾವು ಜಾಗ ನೀರು ಕರೆಂಟು ಕೊಟ್ಟಿದೀವಿ. ಅವಳು ಬಂದ ಹೊಸದರಲ್ಲಿ ಅತ್ತೆ ಮಾವ ತುಮಕೂರಿಂದ ಬಂದಿದ್ರು. ಅತ್ತೆಗೆ ಒಂದೇ ಸಂಕಟ. "ಏನಮ್ಮಾ ಇದು, ಹೆಣ್ಣು ಮಗು, ಚಳೀಲಿ ಗಾಡಿ ಒಳಗೆ ಮಲಗ್ಸಿದೀಯಲ್ಲ, ಮೇಲೆ ರೂಮ್ ಖಾಲಿ ಇದೆ, ಕರ್ಯೇ ಒಳಗೆ." ಅತ್ತೆ, ಅದು ಅವಳ ಮನೆ, ನಾವು ಕರೆದ್ರೂ ಬರಲ್ಲ ಅಂದ್ರೆ ನಂಬ್ತಿಲ್ಲ, ದಿನಾ ಒಂದು ಡಬ್ಬೀಲಿ ಉಪ್ಪಿಟ್ಟೋ ಚಿತ್ರಾನ್ನನೋ ಹಿಡ್ಕೊಂಡು ಹೋಗಿ ಬಾಗ್ಲು ತಟ್ಟೋರು, ಪಾಪ ನೈಟ್ ಶಿಫ್ಟ್ ಮುಗಿಸಿ ಮಲಗಿರೋಳು ಎದ್ದು ಬಂದು ಥ್ಯಾಂಕ್ಯೂ ಹೇಳಿ ಇಸ್ಕೊಳೋಳು.

ಮಾವ ಬೇರೆ ಥರ. ರೆವಿನ್ಯೂ ಇಲಾಖೇಲಿ ಸರ್ವೀಸ್ ಪೂರ್ತಿ ಮುಗಿಸಿದೋರು. ಒಂದು ರೌಂಡ್ ಸುತ್ತು ಹಾಕಿ ಬಂದು ಕೇಳಿದ ಮೊದಲನೇ ಪ್ರಶ್ನೆನೇ, "ಇದಕ್ಕೆ ಕನ್ವರ್ಷನ್ ಆಗಿದ್ಯೇನಮ್ಮ?" ಕನ್ವರ್ಷನ್ ಅಲ್ಲ ಮಾವ, ಝೋನಿಂಗ್, ಇಲ್ಲಿ ಬಿಟ್ಟಿದಾರೆ ಅಂದೆ. "ಸರಿ. ಕಕ್ಕಸಿನ ನೀರು ಎಲ್ಲಿಗೋಗುತ್ತೆ?"

ನಿಜ ಹೇಳ್ಬೇಕಂದ್ರೆ ಸಿಟಿಯವರಿಗೂ ಅದೇ ಮುಖ್ಯ ಪ್ರಶ್ನೆ. ಗಾಡಿ ಬಣ್ಣ, ಪಕ್ಕದೋರ ಗೊಣಗಾಟ ಎಲ್ಲಾ ಆಮೇಲೆ. ಗಾಡಿ ಒಳಗೆ ಟಾಯ್ಲೆಟ್ಟೋ ಸಿಂಕೋ ಇದ್ರೆ ಅದನ್ನ ಮನೆಯ ಸೀವರ್ ಲೈನಿಗೆ ಸೇರಿಸಬೇಕು, ಅದಕ್ಕೆ ಪ್ಲಂಬಿಂಗ್ ಪರ್ಮಿಟ್ಟು, ಇನ್‌ಸ್ಪೆಕ್ಷನ್ನು. ಒಳಗೆ ಪ್ಲಂಬಿಂಗೇ ಇಲ್ಲ ಅಂದ್ರೆ ಮನೆ ಬಾತ್‌ರೂಮು ಅಡುಗೆಮನೆ ಬಳಸೋಕೆ ಬಿಡ್ಬೇಕು. ಈ ಊರು ಈ ವಿಷ್ಯದಲ್ಲಿ ಯಾಕೆ ಇಷ್ಟು ಸ್ಟ್ರಿಕ್ಟು ಅಂದ್ರೆ ಇವರಿಗೂ ಹಳೇ ಗಾಯ ಇದೆ. ಪೋರ್ಟ್‌ಲ್ಯಾಂಡ್ ಪೂರ್ವ ಭಾಗದಲ್ಲಿ 1980ರ ದಶಕದಲ್ಲೂ ಸಾವಿರಾರು ಮನೆಗಳಿಗೆ ಸೀವರೇ ಇರ್ಲಿಲ್ಲ, ಎಲ್ಲಾ ಸೆಸ್‌ಪೂಲ್ ಗುಂಡಿ, ಕೊನೆಗೆ ಅಂತರ್ಜಲ ಕೆಡುತ್ತೆ ಅಂತ ಬಲವಂತವಾಗಿ ಲೈನ್ ಎಳೆಸಿದ್ರು. ಇನ್ನೊಂದು ಕಡೆ ಹಳೇ ಸಿಟಿಲಿ ಮಳೆ ಬಂದ್ರೆ ಸಾಕು ಚರಂಡಿ ನೀರು ಸೀದಾ ವಿಲಾಮೆಟ್ ನದಿಗೆ ಉಕ್ಕಿ ಹೋಗ್ತಿತ್ತು, ಅದನ್ನ ತಡೆಯೋಕೆ ಬಿಗ್ ಪೈಪ್ ಅಂತ ಸುಮಾರು 140 ಕೋಟಿ ಡಾಲರ್ ಸುರಿದು 2011ರಲ್ಲಿ ಮುಗಿಸಿದ್ರು. ಅಷ್ಟು ದುಡ್ಡು ಕೊಟ್ಟ ಊರಲ್ಲಿ ನೀವು ಆರ್‌ವಿ ಪೈಪ್ ತಂದು ರಸ್ತೆ ಪಕ್ಕದ ಮಳೆ ನೀರಿನ ಡ್ರೇನಿಗೆ ಬಿಟ್ರೆ ಸುಮ್ನಿರ್ತಾರಾ?

ಟ್ಯಾಂಕಿನ ಕಥೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಜನ ಇದನ್ನ ಕೇಳಲ್ಲ, ಆದ್ರೆ ತಲೆನೋವು ಇಲ್ಲೇ ಇರೋದು. ಆರ್‌ವಿ ಕೆಳಗಡೆ ಮೂರು ಟ್ಯಾಂಕ್ ಇರುತ್ತೆ, ಒಳ್ಳೇ ನೀರಿಗೆ ಒಂದು, ಸ್ನಾನದ ಪಾತ್ರೆ ತೊಳೆದ ನೀರಿಗೆ ಗ್ರೇ, ಟಾಯ್ಲೆಟ್ಟಿಂದು ಬ್ಲ್ಯಾಕ್. ಹೇಗೂ ಸೀವರ್‌ಗೆ ಕನೆಕ್ಷನ್ ಕೊಟ್ಟಾಯ್ತಲ್ಲ ಅಂತ ಬ್ಲ್ಯಾಕ್ ಟ್ಯಾಂಕ್ ವಾಲ್ವ್ ಸದಾ ತೆಗೆದಿಟ್ರೆ ನೀರೆಲ್ಲ ಹರಿದು ಹೋಗಿ ಗಟ್ಟಿ ಮಾತ್ರ ಒಳಗೆ ಉಳಿದು ಗುಡ್ಡೆ ಕಟ್ಟುತ್ತೆ, ಒಣಗಿದ ಮೇಲೆ ಯಾವ ದೇವ್ರು ಬಂದ್ರೂ ಕರಗಲ್ಲ. ವಾಲ್ವ್ ಮುಚ್ಚಿಟ್ಟು, ಟ್ಯಾಂಕ್ ಮುಕ್ಕಾಲು ಹತ್ರ ತುಂಬಿದ ಮೇಲೆ ಒಂದೇ ಸಲ ಎಳೆದು ಬಿಡಬೇಕು, ಅದಾದ ಮೇಲೆ ಗ್ರೇ ಬಿಡಬೇಕು, ಆಗ ಸೋಪಿನ ನೀರು ಹೋಗಿ ಪೈಪೂ ತೊಳೆಯುತ್ತೆ. ನಮ್ಮ ಹುಡುಗಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು, ಕೈಗೆ ಗ್ಲೌಸ್ ಹಾಕ್ಕೊಂಡು ಐದು ನಿಮಿಷದಲ್ಲಿ ಮುಗಿಸ್ತಾಳೆ. ಮಾವ ಪಕ್ಕದಲ್ಲಿ ನಿಂತು ಕೈ ಹಿಂದೆ ಕಟ್ಕೊಂಡು ಪೂರ್ತಿ ನೋಡಿ "ಪರ್ವಾಗಿಲ್ಲ" ಅಂದ್ರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟ್.

ಕರೆಂಟಲ್ಲೂ ಒಂದು ಎಚ್ಚರಿಕೆ. ಆರ್‌ವಿಗೆ 30 ಆ್ಯಂಪ್ ಅಥವಾ 50 ಆ್ಯಂಪ್ ಪ್ಲಗ್ ಇರುತ್ತೆ. 30 ಆ್ಯಂಪ್ ಅಂದ್ರೆ 120 ವೋಲ್ಟಲ್ಲಿ 3,600 ವ್ಯಾಟ್ ಅಷ್ಟೇ, 1,500 ವ್ಯಾಟಿನ ಎರಡು ಹೀಟರ್ ಹಾಕಿ ಮೈಕ್ರೋವೇವ್ ಒತ್ತಿದ್ರೆ ಟ್ರಿಪ್. 50 ಆ್ಯಂಪಿಂದು 12,000 ವ್ಯಾಟ್, ಎರಡಕ್ಕೂ ಅಜಗಜಾಂತರ. ಮನೇಲಿ ಬಟ್ಟೆ ಒಣಗಿಸೋ ಡ್ರೈಯರಿಗೆ ಹಾಕೋ 30 ಆ್ಯಂಪ್ ಸಾಕೆಟ್ 240 ವೋಲ್ಟು, ಆರ್‌ವಿದು 120. ಗೊತ್ತಿಲ್ಲದ ಎಲೆಕ್ಟ್ರಿಷಿಯನ್ 30 ಆ್ಯಂಪ್ ಅಂದ ತಕ್ಷಣ ಡ್ರೈಯರ್ ಥರಾನೇ ವೈರ್ ಎಳೆದುಬಿಟ್ರೆ ಗಾಡಿ ಒಳಗಿರೋ ಟೀವಿ ಫ್ರಿಡ್ಜ್ ಎಲ್ಲಾ ಢಮಾರ್. ಆರ್‌ವಿಗೆ, 120 ವೋಲ್ಟು ಅಂತ ಬಾಯಿಬಿಟ್ಟು ಹೇಳಿ, ಮೀಟರ್ ಇಟ್ಟು ತೋರಿಸು ಅಂತಲೂ ಕೇಳಿ, ನಾಚಿಕೆ ಬೇಡ. ಚಳಿಗಾಲಕ್ಕೆ ನೀರಿನ ಪೈಪಿಗೆ ಬಿಸಿ ಮಾಡೋ ಹೋಸ್ ಬೇಕೇಬೇಕು, 2024ರ ಜನವರಿ ಐಸ್ ಸ್ಟಾರ್ಮಲ್ಲಿ ಮನೆ ಒಳಗಿನ ಪೈಪ್‌ಗಳೇ ಒಡೆದು ಹೋದ ಊರಿದು.

ಈಗ ನನ್ನ ಅಭಿಪ್ರಾಯ, ಗ್ರೂಪಲ್ಲಿ ಎಷ್ಟೋ ಜನಕ್ಕೆ ಇಷ್ಟ ಆಗಲ್ಲ. ಬಾಡಿಗೆಗೆ ಕೊಡೋದಾದ್ರೆ ಜಾಗ ಕೊಡಿ, ಗಾಡಿ ಕೊಡಬೇಡಿ. ಗಾಡಿ ಅವರದ್ದೇ ಇರಲಿ. ಕ್ರೇಗ್ಸ್‌ಲಿಸ್ಟಲ್ಲಿ ಹಳೇ ಆರ್‌ವಿ ಅಗ್ಗಕ್ಕೆ ಸಿಗುತ್ತೆ ನಿಜ, ಆದ್ರೆ ಅದು ಅಗ್ಗಕ್ಕೆ ಸಿಗೋದೇ ರೂಫ್ ಸೋರ್ತಿರುತ್ತೆ ಅಂತ. ಇಲ್ಲಿ ಮಳೆಗಾಲ ಅಂದ್ರೆ ಅಕ್ಟೋಬರಲ್ಲಿ ಶುರುವಾಗಿ ಮೇ ತನಕ ಜಿಟಿಜಿಟಿ ಅಂತಿರುತ್ತೆ, ಆರ್‌ವಿ ಗೋಡೆ ಅಂದ್ರೆ ತೆಳು ಪ್ಲೈವುಡ್ಡು ಫೈಬರ್‌ಗ್ಲಾಸು, ಒಳಗೆ ಅಡುಗೆ ಮಾಡಿದ ಹಬೆ, ಉಸಿರು, ಪ್ರೋಪೇನ್ ಬರ್ನರ್, ಕಿಟಕಿ ಮೇಲೆ ನೀರು ಇಳಿತಾ ಇರುತ್ತೆ, ಒಂದೇ ಚಳಿಗಾಲಕ್ಕೆ ಹಾಸಿಗೆ ಕೆಳಗೆ ಬೂಷ್ಟು. ಗಾಡಿ ನಿಮ್ಮದಾಗಿದ್ರೆ ಅದು ನೀವು ಬಾಡಿಗೆಗೆ ಕೊಟ್ಟ ಮನೆ, ಸೋರಿದ್ರೆ ಒಲೆ ಕೆಟ್ರೆ ನೀವೇ ಓಡ್ಬೇಕು, ಲ್ಯಾಂಡ್‌ಲಾರ್ಡ್ ಟೆನೆಂಟ್ ಕಾನೂನು ಪೂರ್ತಿ ನಿಮ್ಮ ಮೇಲೆ, ಇನ್ಶೂರೆನ್ಸು ಇಲ್ಲ. ದುಡ್ಡು ಮಾಡೋ ದಾರಿ ಅಲ್ಲ ಇದು, ಕ್ಷಮಿಸಿ.

ಒರೆಗಾನ್ ರಾಜ್ಯದವರೂ ಇದೇ ದಾರೀಲಿ ಯೋಚ್ನೆ ಮಾಡಿದಾರೆ ಅನ್ಸುತ್ತೆ. 2023ರಲ್ಲಿ ಸೆನೆಟ್ ಬಿಲ್ 1013 ಅಂತ ಪಾಸಾಯ್ತು, 2024ರ ಜನವರಿಯಿಂದ ಜಾರಿ. ಸಿಟಿಗಳ ಹೊರಗಿನ ವಾಸದ ಜಾಗಗಳಲ್ಲಿ ಮನೆ ಓನರ್ ಒಂದು ಆರ್‌ವಿ ನಿಲ್ಲಿಸೋಕೆ ಜಾಗ ಬಾಡಿಗೆಗೆ ಕೊಡೋಕೆ ಕೌಂಟಿ ಅವಕಾಶ ಕೊಡ್ಬೋದು ಅಂತ. ಕೊಡ್ಬೋದು, ಕೊಡಲೇಬೇಕು ಅಂತಿಲ್ಲ, ಅದಕ್ಕೇ ಪ್ರತಿ ಕೌಂಟಿದೂ ಬೇರೆ ಬೇರೆ ಕಥೆ, ನಿಮ್ಮ ಕೌಂಟಿ ಪ್ಲಾನಿಂಗ್ ಆಫೀಸಿಗೆ ಫೋನ್ ಮಾಡದೆ ಬೇರೆ ದಾರಿ ಇಲ್ಲ. ಕಂಡೀಷನ್ ನೋಡಿ, ಓನರ್ ಅದೇ ಜಾಗದ ಮನೇಲಿ ವಾಸ ಇರಬೇಕು, ಗಾಡಿ ಬಾಡಿಗೆದಾರಂದೇ ಆಗಿರಬೇಕು ಇಲ್ಲಾ ಅವರು ಲೀಸಿಗೆ ತಗೊಂಡಿರಬೇಕು, ಟೂರಿಸ್ಟ್‌ಗಳಿಗೆ ಕೊಡಂಗಿಲ್ಲ, ನೀರು ಕರೆಂಟು ಸೀವರ್ ಓನರೇ ಒದಗಿಸಬೇಕು. ಕೌಂಟಿ ಬೇಕಾದ್ರೆ ರಿಜಿಸ್ಟರ್ ಮಾಡಿಸಿ ಅನ್ಬೋದು, ಬರವಣಿಗೇಲಿ ಅಗ್ರಿಮೆಂಟ್ ಕೇಳ್ಬೋದು, ಓನರ್ ಖರ್ಚಿಗಿಂತ ಜಾಸ್ತಿ ಬಾಡಿಗೆ ತಗೊಳಂಗಿಲ್ಲ ಅಂತ ಕೂಡ ಮಿತಿ ಹಾಕ್ಬೋದು. ಕೊನೇದನ್ನ ಓದಿ ಗ್ರೂಪಲ್ಲಿ ಒಬ್ರು "ಮತ್ಯಾಕೆ ಮಾಡ್ಬೇಕು?" ಅಂದ್ರು. ಒಳ್ಳೇ ಪ್ರಶ್ನೆ. ಕೃಷಿ ಜಮೀನು ಅಂತ ಝೋನ್ ಆಗಿರೋ ಜಾಗಕ್ಕೆ ಇದು ಅನ್ವಯ ಆಗಲ್ಲ, 1973ರಲ್ಲಿ ಗವರ್ನರ್ ಟಾಮ್ ಮೆಕಾಲ್ ಕಾಲದಲ್ಲಿ ಬಂದ ಭೂಬಳಕೆ ಕಾನೂನಿಂದ ಇಲ್ಲಿ ಜಮೀನು ಮುಟ್ಟೋದು ಅಷ್ಟು ಸುಲಭ ಅಲ್ಲ.

ಹಾಗಂತ ಜಾಗ ಮಾತ್ರ ಕೊಡೋದರಲ್ಲಿ ಎಲ್ಲಾ ಸರಿ ಇದೆ ಅಂತಲ್ಲ, ನಮಗೆ ನೆಮ್ಮದಿ, ಅವರಿಗಲ್ಲ. ನಾಳೆ ನಾವು ಮನೆ ಮಾರಿದ್ವಿ ಅಂದ್ಕೊಳಿ, ಹುಡುಗಿ ಗಾಡಿ ಎಳ್ಕೊಂಡು ಎಲ್ಲಿಗೋಗ್ಬೇಕು? ಆರ್‌ವಿ ಪಾರ್ಕ್‌ಗಳಲ್ಲಿ ಎಷ್ಟೋ ಕಡೆ ಹತ್ತು ವರ್ಷಕ್ಕಿಂತ ಹಳೇ ಗಾಡಿ ಒಳಗೇ ಬಿಡಲ್ಲ. ಕ್ಯಾಲಿಫೋರ್ನಿಯಾದಲ್ಲಿ ಆರ್‌ವಿ ಪಾರ್ಕಲ್ಲಿ 30 ದಿನ ದಾಟಿದ್ರೆ ಒಂದು ಲೆವೆಲ್ ಹಕ್ಕು, 9 ತಿಂಗಳು ದಾಟಿದ್ರೆ ಇನ್ನೂ ಗಟ್ಟಿ ಹಕ್ಕು ಬರುತ್ತೆ ಅಂತ ಕಾನೂನಿದೆ, ಅದಕ್ಕೇ ಕೆಲವು ಪಾರ್ಕಿನವರು ತಿಂಗಳು ತುಂಬೋಕೆ ಮುಂಚೆ ಒಂದೆರಡು ದಿನ ಹೊರಗೆ ಕಳಿಸಿ ಮತ್ತೆ ಕರ್ಕೊಳ್ತಾರೆ. ಜಾಗನೇ ಸಿಗದೋರು ರಸ್ತೆಗೆ. ಗೂಗಲ್ ಇರೋ ಮೌಂಟನ್ ವ್ಯೂನಲ್ಲಿ 2020ರ ನವೆಂಬರಲ್ಲಿ ಮೆಷರ್ ಸಿ ಅಂತ ವೋಟಿಗೆ ಹಾಕಿ ಕಿರಿದಾದ ರಸ್ತೆಗಳಲ್ಲಿ ದೊಡ್ಡ ಗಾಡಿ ನಿಲ್ಸೋದನ್ನೇ ಬ್ಯಾನ್ ಮಾಡಿದ್ರು, ಕಿರಿದು ಅಂದ್ರೆ 40 ಅಡಿ ಮತ್ತು ಅದಕ್ಕಿಂತ ಕಮ್ಮಿ, ಅಂದ್ರೆ ಊರಿನ ಬಹುಪಾಲು ರಸ್ತೆ. ಆಮೇಲೆ ಕೋರ್ಟು ಕಚೇರಿ ಎಲ್ಲಾ ಆಯ್ತು. ಲಾಸ್ ಏಂಜಲೀಸ್‌ನಲ್ಲಿ ಇನ್ನೊಂದು ಥರ, ಸ್ಕ್ರ್ಯಾಪಿಗೆ ಹೋಗೋ ಆರ್‌ವಿಗಳನ್ನ ತಂದು ರಸ್ತೆ ಬದಿ ನಿಲ್ಸಿ ಬಡವರಿಗೆ ಬಾಡಿಗೆ ಬಿಡೋ ಜನ, ಅವರಿಗೆ ವ್ಯಾನ್‌ಲಾರ್ಡ್ ಅಂತಾನೇ ಹೆಸರು ಬಿದ್ದಿದೆ. ನೀರಿಲ್ಲ, ಸೀವರ್ ಇಲ್ಲ, ಅಗ್ರಿಮೆಂಟ್ ಇಲ್ಲ. ನೂರೆಂಟು ರೂಲ್ಸ್ ಅಂತ ಬೈಕೊಳೋ ನಾವು ರೂಲ್ ಇಲ್ಲದ ಕಡೆ ಹೇಗಿರುತ್ತೆ ಅಂತ ಒಂದ್ಸಲ ನೋಡ್ಬೇಕು.

ಟೆಕ್ಸಾಸಲ್ಲಿರೋ ಕಸಿನ್ ಇದನ್ನೆಲ್ಲ ಕೇಳಿ ನಗ್ತಾನೆ, ಅಲ್ಲಿ ಸಿಟಿ ಹೊರಗೆ ಕೌಂಟಿಗಳಿಗೆ ಸಾಮಾನ್ಯವಾಗಿ ಝೋನಿಂಗ್ ಮಾಡೋ ಅಧಿಕಾರನೇ ಇಲ್ಲ, ಹ್ಯೂಸ್ಟನ್ನಂಥ ಊರಿಗೇ ಝೋನಿಂಗ್ ಇಲ್ಲ. ಆದ್ರೆ ಅವನ ಲೇಔಟಿನ ಎಚ್‌ಒಎ, ಅಂದ್ರೆ ಮನೆ ಓನರ್‌ಗಳ ಸಂಘದ ರೂಲ್ ಪ್ರಕಾರ ಆರ್‌ವಿ ಮನೆ ಮುಂದೆ ಕಾಣೋ ಹಾಗೆ ನಿಲ್ಸಂಗೇ ಇಲ್ಲ, ವಾಸ ದೂರದ ಮಾತು. ಬೆಥನಿಯವರೂ ಮೊದಲು ನಿಮ್ಮ ಎಚ್‌ಒಎ ಪೇಪರ್ ತೆಗೀರಿ, ಬಹುಶಃ ಅಲ್ಲೇ ಮಾತು ಮುಗಿಯುತ್ತೆ, ಕೌಂಟಿ ತನಕ ಹೋಗೋದೇ ಬೇಡ.

ಇನ್ನು ಟೈನಿ ಹೌಸ್ ಬಗ್ಗೆ ಕೇಳಿದ್ದವರಿಗೆ, ಪೋರ್ಟ್‌ಲ್ಯಾಂಡಲ್ಲಿ ಚಕ್ರ ಇದ್ರೆ ಇದೇ ರೂಲು. ಆದ್ರೆ ಅಗಲ ಎಂಟೂವರೆ ಅಡಿ ದಾಟಿದ್ರೆ ರಸ್ತೆ ಮೇಲೆ ಎಳ್ಕೊಂಡು ಬರೋಕೆ ಸ್ಪೆಷಲ್ ಪರ್ಮಿಟ್ ಬೇಕು. ಪರ್ಮಿಟ್ಟಿಗೆ ಓಡಾಡೋಕೆ ಮುಂಚೆ ಒಂದು ಟೇಪ್ ತಗೊಂಡು ನಿಮ್ಮ ಮನೆ ಪಕ್ಕದ ಓಣಿ ಅಳತೆ ಮಾಡಿ, ಗ್ಯಾಸ್ ಮೀಟರ್, ಎಸಿ ಯೂನಿಟ್ಟು, ಸೂರಿನ ಗಟರ್ ಎಲ್ಲಾ ಬಿಟ್ಟು ಎಷ್ಟು ಉಳಿಯುತ್ತೆ ನೋಡಿ. ನಮ್ಮ ಮನೆಗೆ ಟ್ರೈಲರ್ ಬಂದ ದಿನ ಬೇಲಿಯ ಎರಡು ಪ್ಯಾನೆಲ್ ಬಿಚ್ಚಿ, ಪಕ್ಕದ ಮನೆಯವರ ಡ್ರೈವ್‌ವೇಯಿಂದ ತಿರುಗಿಸ್ಕೊಂಡು ಒಳಗೆ ತಂದ್ವಿ, ಅವರು ಒಳ್ಳೆಯವರು ಅಂತ ಬಿಟ್ರು. ನಿಮ್ಮ ಪಕ್ಕದವರ ಹತ್ರ ಮೊದಲೇ ಕೇಳಿಟ್ಕೊಳಿ.